ಬಣವ್ಯಾಗ ಬೆಕ್ಕು ಮರಿ ಹಾಕ್ಯದ: ತಾಯಿ-ಮರಿಗಳನ್ನ 8 ವಾರ ಜೋಪಾನ ಮಾಡೋದು ಹೆಂಗ?

ಭತ್ತದ ರಾಶಿ ಮುಗಿದು ಹುಲ್ಲಿನ ಬಣವಿ ಒಟ್ಟಿದ ಮೇಲೆ ನಾರಾಯಣಪುರ ಎಡದಂಡೆ ಕಾಲುವೆ ಕೆಳಗಿನ ಊರುಗಳಲ್ಲಿ ಈ ಮಾತು ಹೊಸದೇನಲ್ಲ: “ಬಣವ್ಯಾಗ ಬೆಕ್ಕು ಮರಿ ಹಾಕ್ಯದ, ಏನ್ ಮಾಡೋದು?” ಬಣವಿ ಇಲ್ಲದಿದ್ದರೆ ಹತ್ತಿ ಕೂಡಿಟ್ಟ ಕೋಣೆ, ಅದೂ ಇಲ್ಲದಿದ್ದರೆ ಅಟ್ಟದ ಮೇಲಿನ ಖಾಲಿ ಚೀಲ. ಬೆಚ್ಚಗಿರಬೇಕು, ಕತ್ತಲಿರಬೇಕು, ನಾಯಿ ಬರಬಾರದು. ತಾಯಿ ಬೆಕ್ಕು ಜಾಗ ಹುಡುಕುವಾಗ ನೋಡುವುದು ಇಷ್ಟೇ.

ಆಮೇಲೆ ಮನೆಯವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಕೆಲಸ ಮಾಡುತ್ತಾರೆ. ಮರಿಗಳನ್ನು ಚೀಲದಾಗ ಹಾಕಿ ಕಾಲುವೆ ದಂಡೆಗೋ ಮುಂದಿನ ಊರಿನ ಬಸ್ ಸ್ಟ್ಯಾಂಡಿಗೋ ಬಿಟ್ಟು ಬರುತ್ತಾರೆ. ಇಲ್ಲಾಂದ್ರ ಚಂದ ಅದಾವ ಅಂತ 20–25 ದಿನದ ಮರಿಯನ್ನೇ ಒಬ್ಬೊಬ್ಬರು ಒಂದೊಂದು ಎತ್ತಿಕೊಂಡು ಹೋಗುತ್ತಾರೆ. ಕಾಲುವೆ ದಂಡೆಗೆ ಬಿಟ್ಟ ಮರಿ ಹೆಚ್ಚು ದಿನ ಉಳಿಯುವುದಿಲ್ಲ. ತಾಯಿ ಬಿಟ್ಟು ಬಂದ 20 ದಿನದ ಮರಿಯೂ ಆಕಳ ಹಾಲು ಕುಡಿದು, ಭೇದಿ ಹತ್ತಿ, ಬಹಳಷ್ಟು ಸಲ ಅದೇ ದಾರಿ ಹಿಡಿಯುತ್ತದೆ. ಹಸಿವು-ನೀರಡಿಕೆಯಿಂದ ನರಳುವಂಥ ಜಾಗದಲ್ಲಿ ಪ್ರಾಣಿಯನ್ನು ಬಿಟ್ಟು ಬರುವುದು 1960ರ ಪ್ರಾಣಿಗಳ ಮೇಲಿನ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧ ಅನ್ನೋದೂ ಗೊತ್ತಿರಲಿ.

ದೊಡ್ಡ ಊರುಗಳಲ್ಲಿ ಇದಕ್ಕೆ ಬೇರೆ ಪದ್ಧತಿ ಇದೆ. ಬೆಂಗಳೂರಿನಲ್ಲಿ 1991ರಲ್ಲಿ ಶುರುವಾದ ಕ್ಯೂಪಾದಂಥ ಪ್ರಾಣಿ ಆಶ್ರಯ ಸಂಸ್ಥೆಗಳಿವೆ. ಇಂಥ ಕಡೆ ಸಿಕ್ಕ ಸಣ್ಣ ಮರಿಗಳನ್ನು ಆಶ್ರಯದ ಪಂಜರದಲ್ಲಿ ಇಡುವ ಬದಲು, ಕೆಲವು ವಾರ ಯಾರದಾದರೂ ಮನೆಯಲ್ಲಿ ಸಾಕಲು ಕೊಡುತ್ತಾರೆ. ಇದಕ್ಕೆ ಫಾಸ್ಟರಿಂಗ್ ಅಂತಾರೆ. ಮರಿ ಸ್ವಂತವಾಗಿ ತಿನ್ನುವಷ್ಟಾದಾಗ ಕಾಯಂ ಮನೆ ಹುಡುಕುತ್ತಾರೆ, ತಾಯಿಗೆ ಸಂತಾನಹರಣ ಆಪರೇಶನ್ ಮಾಡಿಸುತ್ತಾರೆ. ಕಾರಣ ಸರಳ ಅದ. ಹತ್ತಾರು ಬೆಕ್ಕು ಒಂದೇ ಕಡೆ ಇದ್ದರೆ ಪ್ಯಾನ್‌ಲುಕೋಪೀನಿಯಾ ಎಂಬ ವೈರಸ್ ರೋಗ ಬೇಗ ಹರಡುತ್ತದೆ. ವಾಂತಿ, ಭೇದಿ ಶುರುವಾಗಿ ಲಸಿಕೆ ಆಗದ ಮರಿಗಳು ನಾಲ್ಕೈದು ದಿನದಲ್ಲೇ ಹೋಗಿಬಿಡುತ್ತವೆ. ಒಂದು ಮನೆಯ ಒಂದು ಮೂಲೆ ಮರಿಗೆ ದೊಡ್ಡ ಆಶ್ರಯಕ್ಕಿಂತ ಸುರಕ್ಷಿತ. ಆ ಮೂಲೆ ನಮ್ಮ ಹೊಲದ ಮನೆಗಳಲ್ಲಿ ಮೊದಲೇ ಇದೆ. ಆದ್ದರಿಂದ ಆಶ್ರಯದವರು ಮಾಡಿಸುವ ಕೆಲಸವನ್ನೇ ನಾವು ನಮ್ಮ ಕೊಟ್ಟಿಗೆಯಲ್ಲಿ ಹೇಗೆ ಮಾಡಬಹುದು ಅನ್ನೋದು ಈ ವಾರದ ಪಾಠ.

ಮೊದಲು ತಾಯಿ ಅದನೋ ಇಲ್ಲೋ ನೋಡ್ರಿ

ಬಣವಿ ತೆಗೆಯುವಾಗ ಮರಿಗಳಷ್ಟೇ ಕಂಡರೆ “ತಾಯಿ ಬಿಟ್ಟು ಹೋಗ್ಯದ” ಅಂತ ತೀರ್ಮಾನಕ್ಕೆ ಬರಬ್ಯಾಡ್ರಿ. ಆಕೆ ಬೇಟೆಗೆ ಹೋಗಿರುತ್ತಾಳೆ, ನೀವು ನಿಂತಿದ್ದರೆ ದೂರದಿಂದ ನೋಡುತ್ತಾ ಕೂತಿರುತ್ತಾಳೆ. ಮರಿಗಳು ಸುಮ್ಮನೆ ಒಂದರ ಮೇಲೊಂದು ಮಲಗಿದ್ದು ಹೊಟ್ಟೆ ದುಂಡಗಿದ್ದರೆ ಹಾಲು ಸಿಗುತ್ತಿದೆ ಅಂತ ಅರ್ಥ. ಅನುಮಾನ ಇದ್ದರೆ ಗೂಡಿನ ಸುತ್ತ ಒಂದು ಹಿಡಿ ಜೋಳದ ಹಿಟ್ಟು ತೆಳ್ಳಗೆ ಉದುರಿಸಿ ನಾಲ್ಕೈದು ತಾಸು ಬಿಟ್ಟು ಬಂದು ನೋಡ್ರಿ. ಹೆಜ್ಜೆ ಮೂಡಿದ್ದರೆ ತಾಯಿ ಬಂದು ಹೋಗಿದ್ದಾಳೆ. ಮರಿಗಳು ಒಂದೇ ಸವನೆ ಚೀರುತ್ತಿದ್ದು, ಮೈ ತಣ್ಣಗಾಗಿದ್ದರೆ ಅಷ್ಟು ಹೊತ್ತು ಕಾಯುವ ಹಂಗಿಲ್ಲ.

ಮನುಷ್ಯರು ಮುಟ್ಟಿದರೆ ತಾಯಿ ಮರಿ ಬಿಡ್ತದ ಅನ್ನುವ ಮಾತು ಪೂರ್ತಿ ನಿಜವಲ್ಲ. ಆದರೆ ದಿನಕ್ಕೆ ಹತ್ತು ಸಲ ಮೊಬೈಲ್ ಹಿಡಿದು ಫೋಟೊ ತೆಗೆಯಲು ಹೋದರೆ ಆಕೆ ಜಾಗ ಬದಲಿಸುವುದು ಖಾತ್ರಿ. ಬೆಕ್ಕು ಮರಿಗಳನ್ನ ಏಳು ಮನೆ ತಿರುಗಿಸ್ತದ ಅಂತ ಹಿರಿಯರು ಹೇಳ್ತಾರಲ್ಲ, ಅದರ ಹಿಂದೆ ಇರುವುದು ಗದ್ದಲ, ಗಲೀಜು, ನಾಯಿ ಭಯ. ಬೆಳಕು ಹಾಕದೆ, ದೂರದಿಂದ, ದಿನಕ್ಕೊಮ್ಮೆ ನೋಡಿದರೆ ಸಾಕು.

ಬಣವಿಯ ಹುಲ್ಲು ಟ್ರ್ಯಾಕ್ಟರಿಗೆ ಹೇರುವುದಿದ್ದರೆ ಮಾತ್ರ ಜಾಗ ಬದಲಿಸಲೇಬೇಕು. ಟೊಮೆಟೊ ಕ್ರೇಟ್ ಅಥವಾ ಗಟ್ಟಿ ರಟ್ಟಿನ ಡಬ್ಬಿ ತಗೊಂಡು, ಒಳಗೆ ಹಳೆ ಕೌದಿಯ ತುಂಡು ಹಾಸಿ, ತಾಯಿ ಮಲಗಿದ್ದ ಹುಲ್ಲನ್ನೇ ಒಂದು ಹಿಡಿ ಮೇಲೆ ಹಾಕ್ರಿ. ಆ ವಾಸನೆ ಇದ್ದರೆ ಆಕೆಗೆ ಧೈರ್ಯ. ಮರಿಗಳನ್ನು ಅದರಲ್ಲಿಟ್ಟು ಮೊದಲು ಹತ್ತಿರದಲ್ಲೇ ಇಡಿ, ತಾಯಿ ಬಂದು ಒಳಗೆ ಕೂತ ಮೇಲೆ ಕೋಣೆಗೆ ಒಯ್ಯಿರಿ. ಕೈಗೆ ಸಿಗದ ಕಾಡು ಸ್ವಭಾವದ ಬೆಕ್ಕಾದರೆ ಹಿಡಿಯಲು ಹೋಗಬ್ಯಾಡ್ರಿ, ಮರಿಗಳನ್ನು ಪಕ್ಕದ ಮರೆಯ ಜಾಗಕ್ಕೆ ಸರಿಸಿ ನೀವು ದೂರ ಸರಿದುಬಿಡಿ.

ಕೋಣೆ ಹೆಂಗಿರಬೇಕು ಅಂದ್ರ, ಗಂಡು ಬೆಕ್ಕು ಮತ್ತು ನಾಯಿ ಬರಬಾರದು. ಹೊರಗಿನ ಗಂಡು ಬೆಕ್ಕು ಮರಿಗಳನ್ನು ಕೊಲ್ಲುವುದು ನಿಮಗೆ ಗೊತ್ತೇ ಇದೆ. ಮೊದಲ ಮೂರು ವಾರ ಮರಿಗೆ ತನ್ನ ಮೈ ಬಿಸಿ ತಾನೇ ಕಾಯ್ದುಕೊಳ್ಳುವ ಶಕ್ತಿ ಇರುವುದಿಲ್ಲ. ಡಿಸೆಂಬರ್-ಜನವರಿಯ ರಾತ್ರಿಯಾದರೆ ಗೂಡಿಗೆ ಇನ್ನೊಂದು ಮಡಿಕೆ ಬಟ್ಟೆ ಬೇಕು. ನಮ್ಮ ಕಡೆ ಅದಕ್ಕಿಂತ ದೊಡ್ಡ ಅಪಾಯ ಏಪ್ರಿಲ್-ಮೇ ತಿಂಗಳದ್ದು. 40 ಡಿಗ್ರಿ ದಾಟಿದ ಮಧ್ಯಾಹ್ನ ತಗಡಿನ ಶೆಡ್ಡಿನ ಒಳಗಿರುವ ಎಳೆ ಮರಿ ತಪ್ಪಿಸಿಕೊಳ್ಳಲಾರದು. ಮಣ್ಣಿನ ಗೋಡೆಯ ಕೋಣೆ ಇದ್ದರೆ ಅಲ್ಲಿಗೇ ಒಯ್ಯಿರಿ. ತಾಯಿ ಬೆಕ್ಕು ನಾಯಿ ಹಂಗ ಬಾಯಿ ತೆರೆದು ತೇಕುತ್ತಿದ್ದರೆ ಸೆಖೆ ಮಿತಿ ಮೀರಿದೆ ಅಂತ ತಿಳೀರಿ.

ಮರಿಗೆ ಹಾಲು ಹಾಕಬ್ಯಾಡ್ರಿ, ತಾಯಿಗೆ ಊಟ ಹಾಕ್ರಿ

ಈ ಲೇಖನದಾಗ ಒಂದೇ ಮಾತು ನೆನಪಿಡ್ತೀವಿ ಅಂದ್ರ ಇದನ್ನೇ ಇಡ್ರಿ. ಕರುವಿಗೆ ಗಿಣ್ಣದ ಹಾಲು ಹೇಗೋ ಬೆಕ್ಕಿನ ಮರಿಗೂ ಮೊದಲ ದಿನದ ತಾಯಿ ಹಾಲು ಹಾಗೆಯೇ, ರೋಗ ತಡೆಯುವ ಶಕ್ತಿ ಅದರಿಂದಲೇ ಬರುತ್ತದೆ. ಮುಂದೆ ನಾಲ್ಕು ವಾರ ಮರಿಗೆ ಬೇರೆ ಏನೂ ಬೇಡ. ಆಕಳ, ಎಮ್ಮೆ ಹಾಲು ಬಟ್ಟಲಿಗೆ ಹಾಕಿ ಇಡುವುದು ಪ್ರೀತಿಯಿಂದಲೇ ಆದರೂ ಎಳೆ ಮರಿಗೆ ಭೇದಿ ಹಚ್ಚುತ್ತದೆ. 100 ಗ್ರಾಂ ಮೈಯಲ್ಲಿ ಎಷ್ಟು ನೀರಿರುತ್ತದೆ? ಒಂದು ದಿನದ ಭೇದಿ ಸಾಕು.

ತಾಯಿಗೆ ಮಾತ್ರ ಹಾಲುಣಿಸುವ ದಿನಗಳಲ್ಲಿ ಎರಡರಿಂದ ಮೂರು ಪಟ್ಟು ಊಟ ಬೇಕು. ಮೂರು-ನಾಲ್ಕನೇ ವಾರದಲ್ಲಿ ಹಸಿವು ಎಲ್ಲಕ್ಕಿಂತ ಹೆಚ್ಚು. ರೊಟ್ಟಿ ಹಾಲು, ಅನ್ನ ಹಾಲು ಹೊಟ್ಟೆ ತುಂಬಿಸುತ್ತದೆ ಅಷ್ಟೇ. ಬೆಕ್ಕು ಮಾಂಸ ತಿನ್ನುವ ಪ್ರಾಣಿ, ಟಾರಿನ್ ಎಂಬ ಪೋಷಕಾಂಶ ಅದಕ್ಕೆ ಮಾಂಸ-ಮೀನಿನಿಂದಲೇ ಸಿಗಬೇಕು. ಅದು ತಿಂಗಳುಗಟ್ಟಲೆ ಸಿಗದಿದ್ದರೆ ಕಣ್ಣು ಹೋಗುತ್ತದೆ, ಹೃದಯ ದುರ್ಬಲವಾಗುತ್ತದೆ. ಬಸವ ಸಾಗರದ ಹಿನ್ನೀರಿನ ಸಣ್ಣ ಮೀನು ಸಿಕ್ಕರೆ ಕುದಿಸಿ ಮುಳ್ಳು ತೆಗೆದು ಕೊಡಿ. ಕೋಳಿಯ ಮಾಂಸ, ಲಿವರ್ ಸ್ವಲ್ಪ, ಬೇಯಿಸಿದ ಮೊಟ್ಟೆ ಎಲ್ಲಾ ಆಗ್ತದ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಹಾಕಿದ ಸಾರು ಬೇಡ, ಅವು ಬೆಕ್ಕಿನ ರಕ್ತಕ್ಕೆ ವಿಷ. ಬೇಯಿಸಿದ ಎಲುಬೂ ಬೇಡ, ಸೀಳಿ ಗಂಟಲಿಗೆ ಚುಚ್ಚುತ್ತದೆ. ಮನ್ಯಾಗ ಮಾಂಸ-ಮೊಟ್ಟೆ ತರಂಗಿಲ್ಲ ಅನ್ನುವವರು ಬೆಕ್ಕಿನ ಮರಿಗಳ ಒಣ ಆಹಾರದ ಪ್ಯಾಕೆಟ್ ತಂದು ಹೊಲದ ಮನೆಯಲ್ಲೇ ಇಟ್ಟು, ತಟ್ಟೆ ಬೇರೆ ಮಾಡಿ ಹಾಕಬಹುದು. ತಾಯಿಗೂ ಅದೇ ಪ್ಯಾಕೆಟ್ ಆಗುತ್ತದೆ. ಪಕ್ಕದಾಗ ಯಾವಾಗಲೂ ನೀರು ಇರಲಿ.

“ಹೊಟ್ಟೆ ತುಂಬಿದ ಬೆಕ್ಕು ಇಲಿ ಹಿಡಿಯಂಗಿಲ್ಲ” ಅಂತ ಊಟ ಹಾಕದವರು ಬಹಳ ಮಂದಿ. ಇದು ತಪ್ಪು. ಬೇಟೆ ಬೆಕ್ಕಿನ ಹುಟ್ಟುಗುಣ, ಹಸಿವಿಲ್ಲದಿದ್ದರೂ ಇಲಿ ಹಿಡಿಯುತ್ತದೆ. ಊಟ ಸಿಗದ ತಾಯಿ ದೂರ ಅಲೆಯುತ್ತದೆ, ಆ ಹೊತ್ತಿನಲ್ಲೇ ನಾಯಿ ಮರಿಗಳ ಹತ್ತಿರ ಬರುತ್ತದೆ.

ಫೋನಿನಲ್ಲಿ ಒಂದು ಲೆಕ್ಕ ಇಡ್ರಿ. ಕಿರಾಣಿ ಅಂಗಡಿಯ ಡಿಜಿಟಲ್ ತಕ್ಕಡಿಯಂಥದ್ದು ಇದ್ದರೆ ದಿನಾ ಒಂದೇ ಹೊತ್ತಿಗೆ ಪ್ರತಿ ಮರಿಯನ್ನು ತೂಗಿ ಬರೆದಿಡಿ. ಹುಟ್ಟಿದಾಗ ಸುಮಾರು 100 ಗ್ರಾಂ. ದಿನಕ್ಕೆ 10ರಿಂದ 15 ಗ್ರಾಂ ಏರಬೇಕು. ಹತ್ತು ದಿನಕ್ಕೆ ಎರಡು ಪಟ್ಟು, ನಾಲ್ಕು ವಾರಕ್ಕೆ 400 ಗ್ರಾಂ ಹತ್ತಿರ, ಎಂಟು ವಾರಕ್ಕೆ 800 ದಾಟಿದರೆ ಚಲೋ. ಒಂದು ಮರಿಯ ತೂಕ ಒಂದು ದಿನ ನಿಂತರೆ ಆ ಮರಿಯನ್ನು ತಾಯಿಯ ಹಿಂದಿನ ಮೊಲೆಗೆ ಹಚ್ಚಿ ನೋಡ್ರಿ, ಅಲ್ಲಿ ಹಾಲು ಹೆಚ್ಚು. ಎರಡನೇ ದಿನವೂ ಇಳಿದರೆ ಡಾಕ್ಟರ್ ಹತ್ರ ಹೋಗಬೇಕು. ಸಣ್ಣ ಮರಿ ಕಣ್ಣಿಗೆ ಕಾಣುವಷ್ಟು ಸೊರಗುವ ಹೊತ್ತಿಗೆ ತಡವಾಗಿರುತ್ತದೆ, ತಕ್ಕಡಿಗೆ ಮೊದಲೇ ಗೊತ್ತಾಗುತ್ತದೆ.

ಕಣ್ಣು 7ರಿಂದ 14 ದಿನದೊಳಗೆ ತೆರೆಯುತ್ತವೆ, ಬೆರಳಿನಿಂದ ಬಿಡಿಸಬ್ಯಾಡ್ರಿ. ಎರಡು ವಾರದ ನಂತರ ದಿನಾ ಸ್ವಲ್ಪ ಹೊತ್ತು ಮರಿಗಳನ್ನು ಕೈಯಲ್ಲಿ ಆಡಿಸಿ. ಎರಡರಿಂದ ಏಳನೇ ವಾರದೊಳಗೆ ಮನುಷ್ಯರ ಕೈ ರೂಢಿಯಾಗದ ಮರಿ ಮುಂದೆ ಕಾಡು ಬೆಕ್ಕಾಗುತ್ತದೆ, ಇಂಜೆಕ್ಷನ್ ಕೊಡಿಸಲೂ ಹಿಡಿಯಲಾಗುವುದಿಲ್ಲ. ನಾಲ್ಕನೇ ವಾರ ತಾಯಿಯ ಊಟವನ್ನೇ ಮೆತ್ತಗೆ ಕಲಸಿ ಚಪ್ಪಟೆ ತಟ್ಟೆಯಲ್ಲಿಡಿ, ಒಂದು ತಗಡಿನ ಟ್ರೇದಾಗ ಉಸುಕು ಹಾಕಿಡಿ. ಹೇಲು-ಉಚ್ಚೆ ಎಲ್ಲಿ ಅನ್ನೋದು ಅವಕ್ಕ ತಾನಾಗೇ ತಿಳೀತದ. ಆ ಟ್ರೇ ಬಸುರಿ ಹೆಣ್ಣುಮಕ್ಕಳು ತೊಳೆಯಬಾರದು, ಬೆಕ್ಕಿನ ಹೇಲಿನಿಂದ ಬರುವ ಟಾಕ್ಸೊಪ್ಲಾಸ್ಮಾ ಸೋಂಕು ಹೊಟ್ಟೆಯ ಕೂಸಿಗೆ ಅಪಾಯ. ಉಳಿದವರೂ ತೊಳೆದ ಮೇಲೆ ಸೋಪಿನಿಂದ ಕೈ ತೊಳ್ಕೊಳ್ರಿ.

ತಾಯಿಯ ಮೇಲೂ ಕಣ್ಣಿರಲಿ. ಎಮ್ಮೆ, ಆಕಳಿಗೆ ಹಾಲು ಜ್ವರ ಬರುವುದು ನಿಮಗೆ ಗೊತ್ತು. ಬೆಕ್ಕಿಗೂ ಬರುತ್ತದೆ, ಅದೂ ಹಾಲು ಹೆಚ್ಚಿರುವ ಎರಡರಿಂದ ನಾಲ್ಕನೇ ವಾರದಾಗ. ಕಾಲು ಸೆಟೆದು ನಡೆಯುವುದು, ಮೈ ನಡುಗುವುದು, ತೇಕುವುದು ಕಂಡರೆ ಕ್ಯಾಲ್ಸಿಯಂ ಇಳಿದಿದೆ ಅಂತ ಅರ್ಥ. ಇದು ಬೆಳಗಾಗಲಿ ನೋಡೋಣ ಅನ್ನುವ ಕಾಯಿಲೆ ಅಲ್ಲ. ಕೆಚ್ಚಲು ಬಾವು ಆದರೆ ಒಂದು ಮೊಲೆ ಗಟ್ಟಿಯಾಗಿ ಬಿಸಿಯಾಗಿರುತ್ತದೆ, ಮರಿ ಹತ್ತಿರ ಬಂದರೆ ತಾಯಿ ಎದ್ದು ಹೋಗುತ್ತದೆ. ಎರಡಕ್ಕೂ ಪಶು ವೈದ್ಯರೇ ಬೇಕು. ಹುಣಸಗಿ ಅಥವಾ ಸುರಪುರದ ಪಶು ಆಸ್ಪತ್ರೆಗೆ ಹೋಗುವ ಮುಂಚೆ ಬೆಕ್ಕಿನ ನಡಿಗೆಯ ಅರ್ಧ ನಿಮಿಷದ ವಿಡಿಯೊ ತಗೊಳ್ರಿ, ಮೇಜಿನ ಮೇಲೆ ಹೆದರಿ ಮುದುಡಿ ಕೂತ ಬೆಕ್ಕಿನಲ್ಲಿ ಲಕ್ಷಣ ಕಾಣುವುದಿಲ್ಲ. ದನಕ್ಕೆ ಅಂತ 1962ಕ್ಕೆ ಫೋನ್ ಮಾಡಿ ಪಶು ಸಂಜೀವಿನಿ ವಾಹನ ಊರಿಗೆ ಬಂದಾಗ ಡಾಕ್ಟರ್ ಹತ್ರ ಬೆಕ್ಕಿನ ಮಾತೂ ಕೇಳಿಬಿಡಿ. ಕೇಳೋಕ ನಾಚಿಕಿ ಯಾಕ?

ನಮ್ಮ ಮನೆಯ ಔಷಧವೇ ಮರಿಗೆ ಕುತ್ತು

ಪಟ್ಟಣದ ಮನೆಗಳಲ್ಲಿ ಇಲ್ಲದ ಅಪಾಯ ರೈತರ ಮನೆಯಲ್ಲಿ ಅದಾವ. ಇದನ್ನ ಸ್ವಲ್ಪ ನಿಧಾನಕ್ಕೆ ಓದ್ರಿ.

ದನದ ಉಣ್ಣೆಗೆ ಹೊಡೆಯುವ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಔಷಧಗಳನ್ನು ದನದ ಮೈ ತಡೆದುಕೊಳ್ಳುತ್ತದೆ, ಬೆಕ್ಕಿನ ಲಿವರ್‌ಗೆ ಆ ಶಕ್ತಿ ಇಲ್ಲ. ಕೊಟ್ಟಿಗೆಗೆ ಸಿಂಪಡಿಸುವ ದಿನ ತಾಯಿ-ಮರಿಗಳು ಬೇರೆ ಕೋಣೆಯಲ್ಲಿರಲಿ, ನೆಲ ಪೂರ್ತಿ ಒಣಗಿದ ಮೇಲೆ ತನ್ನಿ. ಮರಿಯ ಮೈಯಲ್ಲಿ ಚಿಗಟ ಕಂಡರೆ ಅದೇ ಔಷಧ ಒಂದು ಹನಿ ಹಚ್ಚುವ ಮಂದಿ ಇದ್ದಾರೆ. ಹಚ್ಚಬ್ಯಾಡ್ರಿ, ಮೈ ನಡುಗಿ ಸಾಯ್ತದ. ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ ಚಿಗಟಗಳನ್ನು ಸೋಪಿನ ನೀರಿಗೆ ಹಾಕಿದರೆ ಸಾಕು. ಫಿನೈಲ್ ಹಾಕಿ ಗೂಡಿನ ನೆಲ ಒರೆಸುವುದೂ ಬೇಡ. ಮೈ ಬಿಸಿ ಅಂತ ಪ್ಯಾರಾಸಿಟಮಾಲ್ ಕೊಟ್ಟರೆ ಒಂದೇ ಗುಳಿಗೆ ದೊಡ್ಡ ಬೆಕ್ಕನ್ನೂ ಕೊಲ್ಲುತ್ತದೆ. ಜಂತಿನ ಔಷಧ ಎರಡನೇ ವಾರದಿಂದ ಕೊಡಬಹುದು, ಆದರೆ ಡಾಕ್ಟರ್ ತೂಕ ನೋಡಿ ಹೇಳಿದ್ದನ್ನು. ಕುರಿಗೆ ತಂದು ಉಳಿದದ್ದನ್ನು ಅಂದಾಜಿನ ಮೇಲೆ ಹಾಕುವುದಲ್ಲ.

ಎಲ್ಲಕ್ಕಿಂತ ದೊಡ್ಡದು ಇಲಿ ಪಾಷಾಣ. ಭತ್ತದ ಗದ್ದೆಗೆ ನಾವು ಬಳಸುವುದು ಮುಖ್ಯವಾಗಿ ಜಿಂಕ್ ಫಾಸ್ಫೈಡ್, ಇಲ್ಲವೇ ಬ್ರೋಮಡಿಯೊಲೋನ್. ಬ್ರೋಮಡಿಯೊಲೋನ್ ತಿಂದ ಇಲಿ ತಕ್ಷಣ ಸಾಯುವುದಿಲ್ಲ, ಮೂರ್ನಾಲ್ಕು ದಿನ ಮಂಕಾಗಿ ಓಡಾಡುತ್ತದೆ, ಬೆಕ್ಕಿಗೆ ಸುಲಭವಾಗಿ ಸಿಗುವುದೂ ಅಂಥದ್ದೇ ಇಲಿ. ವಿಷ ಬೆಕ್ಕಿನ ಮೈಗೆ ಇಳಿದು ಕೆಲವು ದಿನದ ಮೇಲೆ ರಕ್ತ ಹೆಪ್ಪುಗಟ್ಟುವುದು ನಿಲ್ಲುತ್ತದೆ. ಒಸಡು ಬಿಳಿಚುವುದು, ಮೂಗಿನಾಗ ರಕ್ತ, ನಿಶ್ಶಕ್ತಿ ಕಂಡರೆ ಕೂಡಲೇ ಹೊರಡ್ರಿ, ವಿಟಮಿನ್ ಕೆ1 ಕೊಟ್ಟರೆ ಬದುಕುವ ದಾರಿ ಇದೆ. ಪಾಷಾಣದ ಪ್ಯಾಕೆಟ್ಟಿನ ಫೋಟೊ ಫೋನಿನಲ್ಲಿರಲಿ, ಡಾಕ್ಟರ್ ಮೊದಲು ಕೇಳುವುದು ಅದನ್ನೇ. ಜಿಂಕ್ ಫಾಸ್ಫೈಡಿಗೆ ಪ್ರತಿವಿಷ ಇಲ್ಲ. ಅದನ್ನು ತಿಂದ ಪ್ರಾಣಿಯ ವಾಂತಿಯಿಂದ ವಿಷದ ಗಾಳಿ ಬರುತ್ತದೆ, ಮುಚ್ಚಿದ ಕೋಣೆಯಲ್ಲಿ ನೀವು ಬಗ್ಗಿ ನೋಡಿದರೆ ನಿಮಗೂ ತೊಂದರೆ.

ಹಂಗಂತ ಗದ್ದೆಯ ಇಲಿ ಬಿಡಾಕ ಆಗಂಗಿಲ್ಲ, ಅದು ನಮಗೂ ಗೊತ್ತು. ಒಂದು ಬೆಕ್ಕು ಮನೆ, ಗೋದಾಮಿನ ಸಣ್ಣ ಇಲಿಗಳಿಗೆ ಆದೀತು. ಬದುವಿನ ಹೆಗ್ಗಣಕ್ಕೆ ಬೆಕ್ಕೇ ಸಾಕು ಅಂತ ಯಾರಾದರೂ ಹೇಳಿದರೆ ನಂಬಬ್ಯಾಡ್ರಿ. ಪಾಷಾಣ ಇಡಲೇಬೇಕಾದರೆ ಬದುವಿನ ಜೀವಂತ ಬಿಲದ ಒಳಗೇ ಇಟ್ಟು ಬಾಯಿ ಮುಚ್ಚಿ, ಮರುದಿನ ಬೆಳಿಗ್ಗೆ ಹೊರಗೆ ಬಿದ್ದ ಇಲಿಗಳನ್ನು ಆರಿಸಿ ಆಳವಾಗಿ ಹೂಳಿ. ಬ್ರೋಮಡಿಯೊಲೋನ್ ಇಟ್ಟಿದ್ದರೆ ವಾರಗಟ್ಟಲೆ ಆರಿಸಬೇಕು. ಪ್ರಮಾಣ, ಸಮಯ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ ಮಾಡ್ರಿ. ಮನೆ ಮತ್ತು ಕೊಟ್ಟಿಗೆಯ ಒಳಗೆ ಮಾತ್ರ ಈ ಎಂಟು ವಾರ ಬೋನು ಅಷ್ಟೇ. ಅಂಟು ಹಾಳೆಯೂ ಬೇಡ, ಮೊದಲು ಸಿಕ್ಕಿಬೀಳುವುದು ಮರಿಯೇ. ಸಿಕ್ಕಿದರೆ ಎಳೆಯದೆ ಅಡುಗೆ ಎಣ್ಣೆ ಸವರಿ ಮೆಲ್ಲಗೆ ಬಿಡಿಸಿ. ಕಾಳಿನ ಚೀಲಕ್ಕೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಮನುಷ್ಯರೋ ಪ್ರಾಣಿಯೋ ಮಲಗುವ ಮನೆಯಲ್ಲಿ ಯಾವತ್ತೂ ಇಡಬಾರದು. ಆ ಗಾಳಿ ಬೆಕ್ಕು, ಮಕ್ಕಳು ಅಂತ ನೋಡುವುದಿಲ್ಲ.

ತಾಯಿ ಸತ್ತಿದ್ದರೆ

ಆಗ ಮೊದಲ ಕೆಲಸ ಹಾಲು ಅಲ್ಲ, ಬಿಸಿ. ತಣ್ಣಗಾದ ಮರಿಗೆ ಹಾಲು ಹಾಕಿದರೆ ಜೀರ್ಣವಾಗದೆ ಸಾಯುತ್ತದೆ. ಬಾಟಲಿಗೆ ಬಿಸಿ ನೀರು ತುಂಬಿ ಬಟ್ಟೆ ಸುತ್ತಿ ಪಕ್ಕದಲ್ಲಿಡಿ, ಅಥವಾ ನಿಮ್ಮ ಅಂಗಿಯೊಳಗೆ ಇಟ್ಟುಕೊಳ್ರಿ. ಮೈ ಬೆಚ್ಚಗಾದ ಮೇಲೆ ಊರಿನಲ್ಲಿ ಹಾಲುಣಿಸುವ ಇನ್ನೊಂದು ಬೆಕ್ಕು ಇದೆಯಾ ಅಂತ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿ. ಬೆಕ್ಕು ಪರರ ಮರಿಯನ್ನು ಬಹಳ ಸಲ ಒಪ್ಪಿಕೊಳ್ಳುತ್ತದೆ. ಆಕೆಯ ಮರಿಗಳ ಹಾಸಿಗೆಯ ಬಟ್ಟೆಯಿಂದ ಹೊಸ ಮರಿಯ ಮೈ ಒರೆಸಿ, ಮರಿಗಳ ನಡುವೆ ಸೇರಿಸಿ. ತಬ್ಬಲಿ ಮರಿಯನ್ನು ಬೇರೆ ತಾಯಿಗೆ ಹಚ್ಚುವ ಕುರಿಗಾರರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಬೆಕ್ಕು ಸಿಗದಿದ್ದರೆ ಬೆಕ್ಕಿನ ಮರಿಗಳ ಹಾಲಿನ ಪುಡಿಯನ್ನು ಡಾಕ್ಟರ್ ಕೇಳಿ ತರಿಸಬೇಕು. ಎರಡು-ಮೂರು ತಾಸಿಗೊಮ್ಮೆ, ರಾತ್ರಿಯೂ ಕುಡಿಸಬೇಕು. ಕೂಸಿನ ಹಂಗ ಅಂಗಾತ ಮಲಗಿಸಬ್ಯಾಡ್ರಿ, ಹಾಲು ಪುಪ್ಪುಸಕ್ಕೆ ಹೋಗುತ್ತದೆ, ಹೊಟ್ಟೆ ಕೆಳಗೆ ಇರಲಿ. ಪ್ರತಿ ಸಲ ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಹಿಂಭಾಗ ಒರೆಸಬೇಕು, ಮೂರು ವಾರದವರೆಗೆ ಮರಿ ತಾನಾಗಿ ಉಚ್ಚೆ ಹೊಯ್ಯುವುದಿಲ್ಲ. ಇಷ್ಟು ಕೆಲಸವನ್ನು ತಾಯಿ ಪುಕ್ಕಟೆ ಮಾಡುತ್ತದೆ. ಅದಕ್ಕೇ ತಾಯಿಯನ್ನು ಉಳಿಸಿಕೊಳ್ಳಿ ಅಂತ ಇಷ್ಟು ಹೇಳುತ್ತಿರುವುದು.

ಕಚ್ಚಿದರೆ, ಪರಚಿದರೆ

ಬೆಕ್ಕು ಕಚ್ಚಿದ್ರ ಹುಚ್ಚು ರೋಗ ಬರಂಗಿಲ್ಲ ಅನ್ನೋದು ಸುಳ್ಳು. ರೇಬೀಸ್ ಬೆಕ್ಕಿನಿಂದಲೂ ಬರುತ್ತದೆ, ಬಂದ ಮೇಲೆ ಉಳಿಯುವುದಿಲ್ಲ. ಹಲ್ಲೋ ಉಗುರೋ ಚರ್ಮ ತರಚಿದರೆ ಹರಿಯುವ ನೀರಿನಾಗ ಸೋಪು ಹಚ್ಚಿ 15 ನಿಮಿಷ ತೊಳೆದು, ಅರಿಶಿನ, ಸುಣ್ಣ ಏನೂ ಹಚ್ಚದೆ ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗ್ರಿ. ಚರ್ಮದೊಳಗೆ ಕೊಡುವ ಲಸಿಕೆಯಾದರೆ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. ಒಂದು ಡೋಸ್ ತಗೊಂಡು ಉಳಿದದ್ದು ಬಿಡಬ್ಯಾಡ್ರಿ. ರಕ್ತ ಬಂದಿದ್ದರೆ ಗಾಯಕ್ಕೆ ಇಮ್ಯುನೋಗ್ಲೋಬುಲಿನ್ ಬೇಕಾ ಅಂತ ಡಾಕ್ಟರನ್ನು ನೀವೇ ಕೇಳ್ರಿ.

ಎಂಟು ವಾರ ಆದ ಮೇಲೆ

ಈಗ ಮರಿ ತಾನೇ ತಿನ್ನುತ್ತದೆ, ತಾಯಿ ಜೊತೆ ಓಡಾಡಿ ಸಣ್ಣಪುಟ್ಟ ಬೇಟೆ ನೋಡಿ ಕಲಿತಿರುತ್ತದೆ. ಕೊಡುವುದಿದ್ದರೆ ಇದು ಸರಿಯಾದ ಹೊತ್ತು. ಎಂಟನೇ ವಾರದಲ್ಲಿ ಮೊದಲ ಲಸಿಕೆ, ಅದನ್ನೇ ಮೂರು-ನಾಲ್ಕು ವಾರ ಬಿಟ್ಟು ಮತ್ತೆ, ಮೂರು ತಿಂಗಳಿಗೆ ರೇಬೀಸ್ ಲಸಿಕೆ. ಮರಿ ಬೇಕು ಅಂತ ಬಂದವರನ್ನು ಎರಡು ಪ್ರಶ್ನೆ ಕೇಳ್ರಿ: ಮನೆಯೊಳಗೆ ಇಲಿ ಪಾಷಾಣ ಇಡ್ತೀರೇನು? ಹೆಣ್ಣು ಮರಿಯಾದರೆ ಆಪರೇಶನ್ ಮಾಡಿಸ್ತೀರೇನು? ಮೊದಲನೆಯದಕ್ಕೆ “ಹೌದು” ಅಂದವರಿಗೆ ಮರಿ ಕೊಡುವುದು ಆರು ತಿಂಗಳಿಗೆ ಇನ್ನೊಂದು ಮರಿ ಕೇಳಿ ಬನ್ನಿ ಅಂದ ಹಾಗೆ.

ಎರಡನೇ ಪ್ರಶ್ನೆ ನಿಮಗೂ ಇದೆ. ಬೆಕ್ಕಿನ ಗಬ್ಬ ಒಂಬತ್ತು ವಾರ ಮಾತ್ರ, ಮರಿ ಹಾಲು ಕುಡಿಯುತ್ತಿರುವಾಗಲೇ ತಾಯಿ ಮತ್ತೆ ಗಬ್ಬ ಕಟ್ಟಬಹುದು. ಹೆಣ್ಣು ಮರಿ ನಾಲ್ಕೈದು ತಿಂಗಳಿಗೇ ಬೆದೆಗೆ ಬರುತ್ತದೆ. ಈಗ ಸಾಕಿದ ನಾಲ್ಕು ಮರಿಗೆ ಮನೆ ಹುಡುಕುವಷ್ಟರಲ್ಲಿ ಇನ್ನೈದು ಬಂದರೆ ಮತ್ತೆ ಚೀಲ, ಮತ್ತೆ ಕಾಲುವೆ ದಂಡೆ. ಆದ್ದರಿಂದ ಐದನೇ ವಾರದಿಂದಲೇ ತಾಯಿಯನ್ನು ರಾತ್ರಿ ಕೋಣೆಯಲ್ಲಿ ಹಾಕಿ ಗಂಡು ಬೆಕ್ಕಿನಿಂದ ದೂರ ಇಡ್ರಿ. ಮರಿ ಬಿಡಿಸಿ ಎರಡು ವಾರ ಆಗಿ ಹಾಲು ಬತ್ತಿದ ಮೇಲೆ ಆಪರೇಶನ್ ಮಾಡಿಸಬಹುದು. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಆಗುತ್ತದಾ ಅಂತ ಮೊದಲು ಫೋನ್ ಮಾಡಿ ಕೇಳಿ. ಆಗದಿದ್ದರೆ ಬೀದರಿನ ಪಶು ವೈದ್ಯಕೀಯ ಕಾಲೇಜು ಅದ, ದೂರ ಆಗ್ತದ ನಿಜ. ನಾಲ್ಕೈದು ಮನೆಯವರು ಕೂಡಿ ಒಂದೇ ಗಾಡಿ ಮಾಡಿಕೊಂಡು ಹೋದರೆ ಖರ್ಚು ಹಂಚಿಕೊಳ್ಳಬಹುದು. ಒಯ್ಯುವಾಗ ಬೆಕ್ಕನ್ನು ಚೀಲದಲ್ಲಿ ಕಟ್ಟದೆ, ಗಾಳಿ ಆಡುವ ಕ್ರೇಟ್ ಮೇಲೆ ಇನ್ನೊಂದು ಕ್ರೇಟ್ ಬೋರಲು ಹಾಕಿ ಬಿಗಿದು ಒಯ್ಯಿರಿ. ಹಿಂದಿನ ರಾತ್ರಿ ಎಷ್ಟು ಹೊತ್ತಿಗೆ ಊಟ ನಿಲ್ಲಿಸಬೇಕು ಅನ್ನೋದನ್ನ ಡಾಕ್ಟರನ್ನೇ ಕೇಳಿ. ಆಪರೇಶನ್ ಆದ ಮೇಲೆ ಹತ್ತು ದಿನ ಕೋಣೆಯೊಳಗೇ ಇರಲಿ, ಹೊಲಿಗೆ ನೆಕ್ಕಿ ಬಿಚ್ಚದಂತೆ ನೋಡ್ಕೊಳ್ರಿ, ಹೊಲಿಗೆ ಜಾಗ ಕೆಂಪಾಗಿ ಊದಿಕೊಂಡರೆ ಫೋಟೊ ತೆಗೆದು ಅವತ್ತೇ ಡಾಕ್ಟರಿಗೆ ಕಳಿಸ್ರಿ.